ಗಿಡಕ್ಕೆ ಎಳೆದ ಗೆರೆ, ಗಮ್ಮಿಗೆ ಸಾಲಲಿಲ್ಲ

ಕೇಳುಗರೇ, ನಮಸ್ಕಾರ. ಇವತ್ತು ಅಮೆರಿಕದಲ್ಲಿ ಹೆಂಪ್ ಮಿಠಾಯಿ, ಹೆಂಪ್ ಪಾನೀಯದ ಸುತ್ತ ನಡೆದಿರುವ ಜಗಳದ ಬಗ್ಗೆ ಮಾತಾಡೋಣ.

ಹೆಂಪ್ ಅಂದರೆ ಗಾಂಜಾ ಜಾತಿಯದೇ ಗಿಡ. ನಶೆ ತರುವ ಟಿಎಚ್‌ಸಿ ಅಂಶ ಕಡಿಮೆ, ಅಷ್ಟೇ. ಎಷ್ಟು ಕಡಿಮೆ? ಒಣಗಿದ ಮೇಲಿನ ತೂಕದಲ್ಲಿ ಡೆಲ್ಟಾ-9 ಟಿಎಚ್‌ಸಿ, ಅಂದರೆ ಟಿಎಚ್‌ಸಿಯ ಮುಖ್ಯ ರೂಪ, ಶೇಕಡಾ 0.3 ಮೀರದಿದ್ದರೆ ಅದು ಗಾಂಜಾ ಅಲ್ಲ, ಹೆಂಪ್ ಎಂದಿತು ಅಮೆರಿಕದ ಕೇಂದ್ರ ಕೃಷಿ ಕಾನೂನಾದ 2018ರ ಫಾರ್ಮ್ ಬಿಲ್. ಈ 0.3 ಬಂದದ್ದು ಸಸ್ಯವಿಜ್ಞಾನದಿಂದ. ಅರ್ನೆಸ್ಟ್ ಸ್ಮಾಲ್, ಆರ್ಥರ್ ಕ್ರಾಂಕ್ವಿಸ್ಟ್ ಎಂಬ ಇಬ್ಬರು 1976ರಲ್ಲಿ ಗಿಡಗಳನ್ನು ಎರಡು ಗುಂಪು ಮಾಡಲು ಎಳೆದ ಗೆರೆ ಅದು. ಅಂಗಡಿಯ ತಿಂಡಿ ಅಳೆಯಲು ಎಳೆದದ್ದಲ್ಲ, ಅಲ್ವಾ?

ಒಂದು ಗಮ್ಮಿಯನ್ನೇ, ಅಂದರೆ ಜೆಲ್ಲಿಯಂಥ ಹೆಂಪ್ ಮಿಠಾಯಿಯನ್ನೇ ತೆಗೆದುಕೊಳ್ಳಿ. 4 ಗ್ರಾಂ ತೂಗುತ್ತದೆ ಅಂದುಕೊಳ್ಳೋಣ. ಅದರ ಶೇಕಡಾ 0.3 ಅಂದರೆ 12 ಮಿಲಿಗ್ರಾಂ. ಗಾಂಜಾ ಮಾರಾಟಕ್ಕೆ ಒಪ್ಪಿಗೆ ಇರುವ ಕೊಲರಾಡೊದಲ್ಲಿ ಲೈಸೆನ್ಸ್ ಪಡೆದ ಅಂಗಡಿ ಕೂಡ ಒಂದು ಸಲಕ್ಕೆ ತಿನ್ನುವ ಗಾಂಜಾ ತಿಂಡಿಯಲ್ಲಿ 10 ಮಿಲಿಗ್ರಾಂ ದಾಟುವಂತಿಲ್ಲ! ಪಾನೀಯದ ಕ್ಯಾನ್ ಇನ್ನೂ ಭಾರ, ಲೆಕ್ಕ ನೀವೇ ಹಾಕಿ. ಸಾಲದ್ದಕ್ಕೆ, ಕಾನೂನಿನಲ್ಲಿ ಹೆಸರಿದ್ದದ್ದು ಡೆಲ್ಟಾ-9 ಒಂದೇ. ಹಾಗಾಗಿ ಹೆಂಪ್‌ನಲ್ಲಿರುವ, ನಶೆ ಬರಿಸದ ಸಿಬಿಡಿ ಎಂಬ ಅಂಶವನ್ನು ಆಸಿಡ್ ಹಾಕಿ, ನಶೆ ತರುವ ಇನ್ನೊಂದು ಬಗೆಯ ಟಿಎಚ್‌ಸಿಯಾದ ಡೆಲ್ಟಾ-8 ಮಾಡಿ, ಇದೂ ಹೆಂಪ್‌ನದೇ ಸ್ವಾಮಿ ಎಂದು ಪೆಟ್ರೋಲ್ ಬಂಕ್‌ನ ಅಂಗಡಿಯಲ್ಲೂ ಇಟ್ಟರು.

ಆಮೇಲೆ ರಾಜ್ಯಗಳು ಎದ್ದವು, ಒಂದೊಂದು ಒಂದೊಂದು ದಿಕ್ಕಿಗೆ. 2024ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾ, ಹೆಂಪ್ ತಿಂಡಿಯಲ್ಲಿ ಟಿಎಚ್‌ಸಿ ಪತ್ತೆಯಾಗಲೇಬಾರದು ಎಂದು ತುರ್ತು ನಿಯಮ ತಂದಿತು. ಟೆಕ್ಸಾಸ್‌ನಲ್ಲಿ 2025ರಲ್ಲಿ ಶಾಸನಸಭೆ ನಿಷೇಧಕ್ಕೆ ಒಪ್ಪಿದರೆ, ಗವರ್ನರ್ ಗ್ರೆಗ್ ಅಬಾಟ್ ವೀಟೊ ಹಾಕಿದರು. ನನ್ನನ್ನು ಕೇಳಿದರೆ ಸರಿಯಾದ ತಕ್ಕಡಿ ಹಿಡಿದದ್ದು ಮಿನ್ನೆಸೋಟಾ. 2022ರಲ್ಲೇ ಶೇಕಡಾವಾರಿನ ಜೊತೆಗೆ ಮಿಲಿಗ್ರಾಂ ಲೆಕ್ಕವನ್ನೂ ತಂದು, ಒಂದು ಸಲಕ್ಕೆ 5, ಪೊಟ್ಟಣಕ್ಕೆ 50, ಕೊಳ್ಳುವವರಿಗೆ 21 ವರ್ಷ ತುಂಬಿರಬೇಕು ಎಂದಿತು. ತಿನ್ನುವವನ ಹೊಟ್ಟೆಗೆ ಹೋಗುವುದು ಮಿಲಿಗ್ರಾಂ ತಾನೇ?

ಆದರೆ 2025ರ ನವೆಂಬರಿನಲ್ಲಿ ಕೇಂದ್ರ ಸರ್ಕಾರದ ಖರ್ಚಿನ ಮಸೂದೆಯೊಳಗೆ ಹೊಸದೊಂದು ಮಿತಿ ಸೇರಿಕೊಂಡಿತು. ಗಮ್ಮಿಗೆ ಇಷ್ಟು ಅಂತಲ್ಲ, ಇಡೀ ಡಬ್ಬಿಗೇ 0.4 ಮಿಲಿಗ್ರಾಂ ಟಿಎಚ್‌ಸಿ. ಜಾರಿಗೆ ಒಂದು ವರ್ಷದ ಗಡುವು. ನಮ್ಮ 12 ಮಿಲಿಗ್ರಾಂ ಗಮ್ಮಿಯ ಮೂವತ್ತರಲ್ಲಿ ಒಂದು ಪಾಲು ಅದು. ಆ ಲೆಕ್ಕದಲ್ಲಿ ಮಿನ್ನೆಸೋಟಾ ಅಷ್ಟು ಅಳೆದು ತೂಗಿ ಒಪ್ಪಿದ 5 ಮಿಲಿಗ್ರಾಂ ಕ್ಯಾನ್ ಕೂಡ ಹೆಂಪ್ ಅಲ್ಲ, ಗಾಂಜಾ.