ದೀಪ ಆರಿಸುತ್ತೇವೆ, ಕದ್ದದ್ದನ್ನು ವಾಪಸಿಡಿ

ಕೇಳುಗರಿಗೆ ನಮಸ್ಕಾರ. ಇವತ್ತು ಜೆಕ್ ಹಾಸ್ಯಚಿತ್ರಗಳ ಮಾತು.

ಒಂದು ಸಣ್ಣ ಊರು. ಅಲ್ಲಿನ ಅಗ್ನಿಶಾಮಕ ದಳದವರು ವರ್ಷಕ್ಕೊಮ್ಮೆ ನಡೆಸುವ ನೃತ್ಯಕೂಟ. ಹಾಲ್ ತುಂಬ ಜನ. ಒಂದು ಕಡೆ ಬ್ಯಾಂಡಿನವರ ಊದು, ಇನ್ನೊಂದು ಕಡೆ ಬಿಯರಿನ ಓಡಾಟ. ಉದ್ದನೆಯ ಮೇಜಿನ ಮೇಲೆ ಲಾಟರಿಯ ಬಹುಮಾನಗಳನ್ನು ಜೋಡಿಸಿಟ್ಟಿದ್ದಾರೆ. ಅದನ್ನು ಕಾಯುವುದಕ್ಕೆ ಯೋಸೆಫ್ ಎಂಬ ಒಬ್ಬ ಸದಸ್ಯನನ್ನು ಕೂರಿಸಿದ್ದಾರೆ. ರಾತ್ರಿ ಕಳೆದ ಹಾಗೆಲ್ಲ ಬಹುಮಾನಗಳು ಒಂದೊಂದಾಗಿ ಕಾಣೆಯಾಗುತ್ತವೆ. ಕಡೆಗೆ ಸಮಿತಿಯವರು ಒಂದು ಉಪಾಯ ಮಾಡುತ್ತಾರೆ. ದೀಪ ಆರಿಸುತ್ತೇವೆ, ತೆಗೆದುಕೊಂಡವರು ಕತ್ತಲಲ್ಲಿ ತಂದಿಡಿ, ಯಾರೂ ಕೇಳುವುದಿಲ್ಲ. ದೀಪ ಆರುತ್ತದೆ. ಮತ್ತೆ ಹತ್ತಿದಾಗ ಮೇಜಿನ ಮುಂದೆ ಒಬ್ಬನೇ ಒಬ್ಬ ನಿಂತಿದ್ದಾನೆ, ಕೈಯಲ್ಲಿ ಹಂದಿಯ ತಲೆಮಾಂಸ ಬೇಯಿಸಿ ಗಟ್ಟಿಮಾಡಿದ ದೊಡ್ಡ ಗಡ್ಡೆ. ಕಾವಲಿಗೆ ಕೂತ ಅದೇ ಯೋಸೆಫ್! ಅವನ ಹೆಂಡತಿ ಎತ್ತಿಟ್ಟುಕೊಂಡಿದ್ದನ್ನು ಪಾಪ, ವಾಪಸಿಡಲು ಬಂದಿದ್ದ. ನಾಚಿಕೆಗೆ ಅಲ್ಲೇ ಮೂರ್ಛೆ ಹೋಗುತ್ತಾನೆ.

ಕದ್ದವರು ಯಾರೂ ಸಿಗಲಿಲ್ಲ, ಹಿಂದಿರುಗಿಸಲು ಬಂದವನು ಸಿಕ್ಕಿಬಿದ್ದ. ಆಮೇಲೆ ಸಮಿತಿಯ ಸಭೆ ಸೇರುತ್ತದೆ. ಅಲ್ಲಿ ಅವನ ಮೇಲೆ ಬರುವ ಆಪಾದನೆ ಕದ್ದದ್ದಕ್ಕಲ್ಲ, ವಾಪಸಿಡಲು ಹೋಗಿ ದಳದ ಮಾನ ಕಳೆದದ್ದಕ್ಕೆ.

ಇದು ಜೆಕ್ ನಿರ್ದೇಶಕ ಮಿಲೋಶ್ ಫೋರ್ಮನ್ 1967ರಲ್ಲಿ ಮಾಡಿದ ಚಿತ್ರ. ನಮ್ಮಲ್ಲಿ ‘ದ ಫೈರ್‌ಮೆನ್ಸ್ ಬಾಲ್’ ಎಂಬ ಇಂಗ್ಲಿಷ್ ಹೆಸರಿನಿಂದಲೇ ಪರಿಚಿತ. ಒಂದೂಕಾಲು ಗಂಟೆಯೂ ಇಲ್ಲ. ಅರವತ್ತರ ದಶಕದ ಜೆಕ್ ಹಾಸ್ಯಚಿತ್ರಗಳು ಯಾಕೆ ಇವತ್ತಿಗೂ ನಗಿಸುತ್ತವೆ ಎಂದು ಕೇಳಿದವರಿಗೆ ಮೊದಲು ತೋರಿಸಬೇಕಾದದ್ದು ಇದನ್ನೇ.

ನಮ್ಮ ಚಿತ್ರಗಳನ್ನು ನೋಡಿ ಬೆಳೆದವರಿಗೆ ಇಲ್ಲಿ ಮೊದಲ ಹತ್ತು ನಿಮಿಷ ಕಾಲು ಊರಲು ಜಾಗ ಸಿಗುವುದಿಲ್ಲ. ಹೀರೋ ಇಲ್ಲ, ಅವನ ಪಕ್ಕ ನಿಂತು ನಗಿಸುವ ಹಾಸ್ಯನಟ ಇಲ್ಲ, ಚಪ್ಪಾಳೆಗೆ ಜಾಗ ಬಿಟ್ಟ ಪಂಚ್ ಡೈಲಾಗ್ ಇಲ್ಲ. ನಗಿಸುತ್ತೇನೆ ಎಂದು ಹೊರಟವರೇ ಚಿತ್ರದಲ್ಲಿ ಕಾಣುವುದಿಲ್ಲ. ಎಲ್ಲರೂ ತಮ್ಮ ತಮ್ಮ ಕೆಲಸದಲ್ಲಿ ಮುಳುಗಿದ್ದಾರೆ, ಗಂಭೀರವಾಗಿ. ಒಂದು ಸಮಾರಂಭವನ್ನು ಅಚ್ಚುಕಟ್ಟಾಗಿ ನಡೆಸಬೇಕು, ಅಷ್ಟೇ ಅವರ ಆಸೆ. ಆ ಆಸೆ ಎಷ್ಟು ಸಣ್ಣದೋ ಅದಕ್ಕಾಗಿ ಪಡುವ ಪಾಡು ಅಷ್ಟು ದೊಡ್ಡದು. ನಗು ಹುಟ್ಟುವುದು ಅಲ್ಲಿ.

ಇದನ್ನು ಸಾಧಿಸಲು ಫೋರ್ಮನ್ ಹಿಡಿದ ದಾರಿ ಗಮನಿಸಿ. ಚಿತ್ರೀಕರಣ ನಡೆದದ್ದು ಜೆಕ್ ನಾಡಿನ ಉತ್ತರ ಬೊಹೀಮಿಯದ ವ್ರ್ಖ್ಲಾಬಿ ಎಂಬ ಊರಿನಲ್ಲಿ. ಫೋರ್ಮನ್, ಇವಾನ್ ಪಾಸ್ಸೆರ್, ಯರೊಸ್ಲಾವ್ ಪಪೋಶೆಕ್ ಮೂವರೂ ಬೇರೆ ಯಾವುದೋ ಕಥೆ ಬರೆಯಲು ಕೂತಿದ್ದಾಗ ಅಲ್ಲಿನ ನಿಜವಾದ ಅಗ್ನಿಶಾಮಕದವರ ನೃತ್ಯಕೂಟಕ್ಕೆ ಹೋಗಿದ್ದರು. ಕೈಯಲ್ಲಿದ್ದ ಕಥೆ ಬಿಟ್ಟು ಇದನ್ನೇ ಹಿಡಿದರು. ಅನೇಕ ಪಾತ್ರಗಳಿಗೂ ಆ ಊರಿನ ದಳದವರನ್ನೇ ಹಾಕಿಕೊಂಡರು. ಕಸುಬಿನ ನಟರಲ್ಲದವರ ಕೈಗೆ ಬರೆದ ಸಂಭಾಷಣೆ ಕೊಟ್ಟರೆ ಶಾಲೆಯ ವಾರ್ಷಿಕೋತ್ಸವದ ನಾಟಕ ಆಗಿಬಿಡುತ್ತದೆ. ಕಂಠಪಾಠ ಮಾಡಿದ ಮಾತು ಕಣ್ಣಿನಲ್ಲೇ ಗೊತ್ತಾಗುತ್ತದೆ. ಅದಕ್ಕೇ ಫೋರ್ಮನ್ ಅವರಿಗೆ ಸನ್ನಿವೇಶವನ್ನು ಬಾಯಲ್ಲಿ ಹೇಳಿ, ಮಾತನ್ನು ಅವರಿಗೇ ಬಿಡುತ್ತಿದ್ದ. ಹಾಗೆ ಮಾಡಿದಾಗ ಮನುಷ್ಯ ತಡವರಿಸುತ್ತಾನೆ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುತ್ತಾರೆ, ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ. ಊರಿನ ಸಹಕಾರ ಸಂಘದ ಸಭೆಯಲ್ಲಿ ಕೂತವರಿಗೆ ಈ ಧಾಟಿ ಹೊಸದೇನಲ್ಲ.

ಅದೇ ಚಿತ್ರದಲ್ಲಿ ಇನ್ನೊಂದು ದೃಶ್ಯವಿದೆ. ಕೂಟದ ನಡುವೆ ಪಕ್ಕದಲ್ಲೇ ಒಬ್ಬ ಮುದುಕನ ಮನೆಗೆ ಬೆಂಕಿ ಬೀಳುತ್ತದೆ. ದಳದ ವಾಹನ ಹಿಮದಲ್ಲಿ ಸಿಕ್ಕಿಕೊಂಡಿದೆ. ಚಳಿಗೆ ನಡುಗುತ್ತಿರುವ ಮುದುಕನನ್ನು ಕುರ್ಚಿಯಲ್ಲಿ ಕೂರಿಸುತ್ತಾರೆ. ಉರಿಯುವ ಮನೆ ಕಣ್ಣಿಗೆ ಬೀಳಬಾರದೆಂದು ಕುರ್ಚಿಯನ್ನು ಆಚೆಗೆ ತಿರುಗಿಸುತ್ತಾರೆ. ಮೈ ಬೆಚ್ಚಗಾಗಲಿ ಎಂದು ಅದೇ ಕುರ್ಚಿಯನ್ನು ಬೆಂಕಿಯ ಹತ್ತಿರಕ್ಕೆ ಜರುಗಿಸುತ್ತಾರೆ. ಎರಡೂ ಕರುಣೆಯಿಂದಲೇ ಮಾಡಿದ ಕೆಲಸ. ಆಮೇಲೆ ಜನರೆಲ್ಲ ತಮ್ಮ ಲಾಟರಿ ಚೀಟಿಗಳನ್ನು ಅವನಿಗೆ ದಾನ ಕೊಡುತ್ತಾರೆ. ಬಹುಮಾನಗಳು ಆಗಲೇ ಖಾಲಿ. ನಗಬೇಕೋ ಬೇಡವೋ ಎಂದು ನೋಡುವವರು ಒಂದು ಕ್ಷಣ ತಡೆಯುತ್ತಾರಲ್ಲ, ಆ ತಡೆಯೇ ಜೆಕ್ ಹಾಸ್ಯದ ರುಚಿ.

ಇಡೀ ಚಿತ್ರ ಕಮ್ಯುನಿಸ್ಟ್ ಸರ್ಕಾರದ ರೂಪಕ, ಸಮಿತಿ ಎಂದರೆ ಪಕ್ಷ, ಲಾಟರಿ ಎಂದರೆ ದೇಶದ ಸಂಪತ್ತು ಎಂದು ಓದುವವರಿದ್ದಾರೆ. ಅಧಿಕಾರದಲ್ಲಿದ್ದವರೂ ಹಾಗೇ ಓದಿಕೊಂಡರೋ ಏನೋ, 1968ರ ಆಗಸ್ಟಿನಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದ ಮೇಲೆ ಚಿತ್ರ ನಿಷೇಧಕ್ಕೊಳಗಾಯಿತು. ಫೋರ್ಮನ್ ಅಮೆರಿಕದ ಪಾಲಾದ. ಆ ಓದು ತಪ್ಪೆಂದಲ್ಲ. ಆದರೆ ಮಾಂಸದ ಗಡ್ಡೆಯನ್ನು ರೂಪಕ ಮಾಡಿದ ಕೂಡಲೇ ಅದನ್ನು ಹಿಡಿದು ನಿಂತ ಮನುಷ್ಯ ಕಾಣದಾಗುತ್ತಾನೆ.

ಅದೇ ಕಾಲದ ಇನ್ನೊಬ್ಬ ಜೆಕ್ ನಿರ್ದೇಶಕ ಯಿರಿ ಮೆಂಜೆಲ್‌ನ ದಾರಿ ಬೇರೆ. ಅವನ ‘ಕ್ಲೋಸ್ಲಿ ವಾಚ್ಡ್ ಟ್ರೇನ್ಸ್’ 1966ರದು, ಬೊಹುಮಿಲ್ ಹ್ರಬಲ್‌ನ ಕಾದಂಬರಿಯಿಂದ ಬಂದದ್ದು, ಪರಭಾಷಾ ಚಿತ್ರದ ಆಸ್ಕರ್ ಗೆದ್ದದ್ದು. ಎರಡನೇ ಮಹಾಯುದ್ಧದ ಕೊನೆಯ ದಿನಗಳು, ಜರ್ಮನರ ಕೈಯಲ್ಲಿರುವ ಒಂದು ಸಣ್ಣ ರೈಲು ನಿಲ್ದಾಣ. ಸ್ಟೇಷನ್ ಮಾಸ್ಟರಿಗೆ ಪಾರಿವಾಳ ಸಾಕುವ ಹುಚ್ಚು. ರಾತ್ರಿ ಪಾಳಿಯಲ್ಲಿ ಹುಬಿಚ್ಕ ಎಂಬ ನೌಕರ ತಂತಿ ಕಚೇರಿಯ ಹುಡುಗಿಯ ತೊಡೆಯ ಮೇಲೂ ಹಿಂಬದಿಯ ಮೇಲೂ ನಿಲ್ದಾಣದ ಸೀಲುಗಳನ್ನೆಲ್ಲ ಒತ್ತುತ್ತಾನೆ. ಮಾತಿಲ್ಲ, ಅವಸರವಿಲ್ಲ. ಮೇಲಿನಿಂದ ವಿಚಾರಣೆಗೆ ಬಂದವರಿಗೆ ಹುಡುಗಿಯ ಮಾನದ ಪ್ರಶ್ನೆ ಮುಖ್ಯವಲ್ಲ. ಸೀಲಿನಲ್ಲಿ ಜರ್ಮನ್ ಅಕ್ಷರವಿದೆ, ಆ ಭಾಷೆಗೆ ಅಗೌರವವಾಯಿತು ಎಂಬುದೇ ಅವರ ತಕರಾರು.

ಈ ಚಿತ್ರ ನೋಡುವಾಗ ಟೋಪಿಯ ಮೇಲೆ ಒಂದು ಕಣ್ಣಿಟ್ಟಿರಿ. ಆರಂಭದಲ್ಲಿ ಕೆಲಸಕ್ಕೆ ಸೇರಲು ಹೊರಟ ಮಗ ಮಿಲೋಶನ ತಲೆಗೆ ತಾಯಿ ರೈಲ್ವೆ ಟೋಪಿಯನ್ನು ಕಿರೀಟ ಇಟ್ಟ ಹಾಗೆ ಇಡುತ್ತಾಳೆ. ನಾವು ನಗುತ್ತೇವೆ. ಕೊನೆಯಲ್ಲಿ ಮದ್ದುಗುಂಡಿನ ರೈಲು ಸಿಡಿದು, ಆ ಗಾಳಿಗೆ ಅದೇ ಟೋಪಿ ಹಾರಿ ಬಂದು ಅವನ ಹುಡುಗಿಯ ಹತ್ತಿರ ಬೀಳುತ್ತದೆ. ಹುಡುಗ ಬದುಕಿಲ್ಲ. ತೊಂಬತ್ತು ನಿಮಿಷ ನಗಿಸಿದ ವಸ್ತುವನ್ನೇ ಕೊನೆಗೆ ಕೈಗೆ ಕೊಟ್ಟು ಕೂರಿಸುತ್ತಾನೆ ಮೆಂಜೆಲ್.

ಮೆಂಜೆಲ್ ದೇಶ ಬಿಡಲಿಲ್ಲ. 1969ರಲ್ಲಿ ಮುಗಿಸಿದ ‘ಲಾರ್ಕ್ಸ್ ಆನ್ ಎ ಸ್ಟ್ರಿಂಗ್’ ನಿಷೇಧಕ್ಕೊಳಗಾಗಿ ಎರಡು ದಶಕ ಪೆಟ್ಟಿಗೆಯಲ್ಲಿ ಕೊಳೆಯಿತು. 1990ರಲ್ಲಿ ಹೊರಬಂದು ಬರ್ಲಿನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿಯಾದ ಚಿನ್ನದ ಕರಡಿ ಪಡೆಯಿತು. 1985ರ ‘ಮೈ ಸ್ವೀಟ್ ಲಿಟ್ಲ್ ವಿಲೇಜ್’ ಮನೆಮಂದಿಯೆಲ್ಲ ಕೂತು ನೋಡುವಂಥದ್ದು. ದಪ್ಪಗಿನ ಲಾರಿ ಚಾಲಕ ಪಾವೆಕ್, ಅವನ ಸಹಾಯಕ್ಕಿರುವ ತೆಳ್ಳನೆಯ ಮುಗ್ಧ ಓಟಿಕ್. ನೆಲಮಾಳಿಗೆಯ ಏಳನೇ ಮೆಟ್ಟಿಲ ಮೇಲಿಟ್ಟ ಬಿಯರಿಗೇ ಹದವಾದ ತಂಪು ಎಂಬ ಲೆಕ್ಕಾಚಾರವನ್ನು ಜೆಕ್ ಜನ ಇವತ್ತಿಗೂ ಈ ಚಿತ್ರದ ನೆನಪಿನಲ್ಲೇ ಹೇಳುತ್ತಾರೆ.

ಇದರ ಕಥೆ ಬರೆದ ಝ್ದೆನೆಕ್ ಸ್ವೆರಾಕ್, ಗೆಳೆಯರೊಂದಿಗೆ ಸೇರಿ ಯಾರಾ ಸಿಮ್ರ್‌ಮನ್ ಎಂಬ ಇಲ್ಲದ ಮಹಾಪುರುಷನನ್ನು ಸೃಷ್ಟಿಸಿದವರಲ್ಲಿ ಒಬ್ಬ. ಬಾನುಲಿಯಲ್ಲಿ ಕೂತು ಇದನ್ನು ಹೇಳಲೇಬೇಕು: ಆ ಮಹಾಪುರುಷ ಹುಟ್ಟಿದ್ದು 1966ರಲ್ಲಿ, ಒಂದು ರೇಡಿಯೋ ಕಾರ್ಯಕ್ರಮದಲ್ಲಿ. 2005ರಲ್ಲಿ ‘ಅತಿ ಶ್ರೇಷ್ಠ ಜೆಕ್ ಯಾರು’ ಎಂದು ಟಿ.ವಿ.ಯವರು ಮತ ಕೇಳಿದಾಗ ಜನ ಅವನನ್ನೇ ಮುಂದೆ ತಂದರು. ಹುಟ್ಟದೇ ಇದ್ದವನಿಗೆ ಕಿರೀಟ ಕೊಡಲಾಗದೆ ಅನರ್ಹ ಮಾಡಿದರು.

ವಿಡಂಬನೆಯ ಚಿತ್ರಗಳದ್ದು ಬೇರೆಯೇ ಸಾಲು. ಓಲ್ಡ್ರಿಖ್ ಲಿಪ್ಸ್ಕಿಯ 1964ರ ‘ಲೆಮನೇಡ್ ಜೋ’ದಲ್ಲಿ ಕೌಬಾಯ್ ವಿಸ್ಕಿ ಮುಟ್ಟುವುದಿಲ್ಲ, ಕೊಲಾಲೋಕ ಎಂಬ ಶರಬತ್ತು ಕುಡಿದೇ ಗುರಿ ತಪ್ಪದೆ ಗುಂಡು ಹಾರಿಸುತ್ತಾನೆ. ಚೆನ್ನಾಗಿದೆ, ಆದರೆ ಇಲ್ಲಿಂದ ಶುರು ಮಾಡಬೇಡಿ. ಹಳೆಯ ವೆಸ್ಟರ್ನ್ ಚಿತ್ರಗಳು ಗೊತ್ತಿಲ್ಲದವರಿಗೆ ಅರ್ಧ ತಮಾಷೆ ದಕ್ಕುವುದಿಲ್ಲ.

ನೋಡುವ ಬಗ್ಗೆ ಎರಡು ಮಾತು. ಮೊಬೈಲಿನಲ್ಲಿ ನೋಡುತ್ತ ಹತ್ತು ಹತ್ತು ಸೆಕೆಂಡು ಮುಂದಕ್ಕೆ ತಳ್ಳುವ ಅಭ್ಯಾಸ ಇದ್ದರೆ ಈ ಚಿತ್ರಗಳಲ್ಲಿ ಏನೂ ಉಳಿಯುವುದಿಲ್ಲ. ನೀವು ತಳ್ಳಿದ ಆ ಹತ್ತು ಸೆಕೆಂಡಿನ ಕಾಯುವಿಕೆಯೇ ಹಾಸ್ಯ. ಇನ್ನೊಂದು, ಇಂಗ್ಲಿಷ್ ಸಬ್‌ಟೈಟಲ್ ಎಲ್ಲರನ್ನೂ ‘ಯೂ’ ಎಂದುಬಿಡುತ್ತದೆ. ಜೆಕ್ ಭಾಷೆಯಲ್ಲಿ ನಮ್ಮ ಹಾಗೆಯೇ ‘ನೀನು’ ಬೇರೆ, ‘ನೀವು’ ಬೇರೆ. ‘ತಿ’ ಎಂದರೆ ನೀನು, ‘ವಿ’ ಎಂದರೆ ನೀವು. ಬಹುವಚನದಲ್ಲಿ ಶುರುವಾದ ಮಾತು ಯಾವಾಗ ಏಕವಚನಕ್ಕೆ ಇಳಿಯಿತು ಎಂದು ಕಿವಿಗೊಟ್ಟು ಕೇಳಿ. ಇಂಗ್ಲಿಷ್ ಮಾತ್ರ ಬಲ್ಲವರಿಗೆ ತಪ್ಪಿಹೋಗುವ ಆ ಜಾಗ ಕನ್ನಡದವರಿಗೆ ಬೇಗ ಹತ್ತುತ್ತದೆ.

ಕಾಯುವಿಕೆ ಎಂದೆನಲ್ಲ, ಅದರ ಶಿಖರ ಇವಾನ್ ಪಾಸ್ಸೆರ್ 1965ರಲ್ಲಿ ಮಾಡಿದ ‘ಇಂಟಿಮೇಟ್ ಲೈಟಿಂಗ್’. ಕಥೆ ಎನ್ನುವಂಥದ್ದು ಏನೂ ಇಲ್ಲ. ಪಟ್ಟಣದ ಚೆಲ್ಲೋ ವಾದಕನೊಬ್ಬ ತನ್ನ ಗೆಳತಿಯ ಜೊತೆ ಹಳ್ಳಿಯ ಹಳೆಯ ಸ್ನೇಹಿತನ ಮನೆಗೆ ಬರುತ್ತಾನೆ. ಊಟಕ್ಕೆ ಕೋಳಿ. ನೆಂಟರು ಬಂದಿದ್ದಾರೆ, ತುಂಡುಗಳು ಎಣಿಕೆಯವು. ಉಪಚಾರದಲ್ಲಿ ಕೋಳಿಯ ಕಾಲು ತಟ್ಟೆಯಿಂದ ತಟ್ಟೆಗೆ ಸುತ್ತುತ್ತದೆ, ‘ನಿಮಗಿರಲಿ’, ‘ಬೇಡ, ನಿಮಗೇ’. ನಮ್ಮ ಯಾವ ಮನೆಯ ಪಂಕ್ತಿಯಲ್ಲೂ ಇದು ನಡೆಯಬಹುದು.

ಕೊನೆಯಲ್ಲಿ ಬೆಳಗ್ಗೆ ಎಲ್ಲರೂ ಸೇರಿ ನಿಂತಿದ್ದಾರೆ, ಕೈಯಲ್ಲಿ ಮೊಟ್ಟೆಯ ಮದ್ಯದ ಲೋಟ. ಮೊಟ್ಟೆಯ ಹಳದಿ, ಸಕ್ಕರೆ, ಹಾಲು, ಮದ್ಯ ಬೆರೆಸಿ ಮನೆಯಲ್ಲೇ ಮಾಡುವ ಪಾನೀಯ ಅದು. ಹದ ತಪ್ಪಿದರೆ ಸುರಿಯುವ ಬದಲು ಹಿಟ್ಟಿನ ಹಾಗೆ ಲೋಟಕ್ಕೇ ಅಂಟಿಕೊಂಡು ಕೂರುತ್ತದೆ. ಇಲ್ಲಿ ಹದ ತಪ್ಪಿದೆ. ಎಲ್ಲರೂ ಲೋಟ ಎತ್ತಿ, ತುಟಿಗಿಟ್ಟು, ಕತ್ತು ಹಿಂದಕ್ಕೆ ಬಾಗಿಸುತ್ತಾರೆ. ಏನೂ ಬರುವುದಿಲ್ಲ. ಮಾಡಿದವರ ಮುಂದೆ ಲೋಟ ಕೆಳಗಿಡುವುದು ಹೇಗೆ? ಯಾರೂ ಇಡುವುದಿಲ್ಲ. ಮುಖ ಆಕಾಶಕ್ಕೆ ಮಾಡಿಕೊಂಡು, ಲೋಟ ಬೋರಲು ಹಿಡಿದು, ಹಾಗೇ ನಿಂತಿದ್ದಾರೆ.

ನಮಸ್ಕಾರ.