‘ಮುಂದೆ’ ಒಡೆದದ್ದು ಬಿಲ್ಡ್ ಕಡತದಲ್ಲಿ

ನಮಸ್ಕಾರ. ಇವತ್ತಿನ ಮಾತನ್ನು ಎರಡು ಗುಂಡಿಗಳಿಂದ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನಿದ್ದ ತಂಡ ಕನ್ನಡದಲ್ಲೂ ನಡೆಯುವ ತಂತ್ರಾಂಶವೊಂದನ್ನು ಕಟ್ಟುತ್ತಿತ್ತು. ಬಿಡುಗಡೆಯಾದ ದಿನ ತೆರೆದು ನೋಡಿದರೆ, ಪರದೆಯ ಕೆಳಗೆ ‘ಹಿಂದೆ’ ಎಂಬ ಗುಂಡಿ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಪಕ್ಕದ ‘ಮುಂದೆ’ ಒಡೆದುಹೋಗಿತ್ತು. ‘ಮ’ ಉಳಿದಿತ್ತು, ಅದರ ಕೊಂಬು ಮಾಯವಾಗಿ ಆ ಜಾಗದಲ್ಲಿ ಕಪ್ಪು ವಜ್ರದಂಥದ್ದೊಂದು ಗುರುತು, ಅದರ ಬೆನ್ನಿಗೆ ಪ್ರಶ್ನಾರ್ಥಕ ಚಿಹ್ನೆ. ‘ದಿನಾಂಕ’ ಸರಿಯಿತ್ತು, ‘ರದ್ದು’ ಕೆಟ್ಟಿತ್ತು. ‘ಮನೆ’ ಸರಿ, ‘ಮಕ್ಕಳು’ ಹಾಳು. ಎಲ್ಲರೂ ಫಾಂಟನ್ನು ದೂರಿದೆವು. ಎರಡು ದಿನ ಫಾಂಟ್ ಬದಲಿಸುವುದರಲ್ಲೇ ಕಳೆಯಿತು.

ತಪ್ಪು ಬಿಲ್ಡ್ ಕಡತದೊಳಗೆ, ಅಂದರೆ ಕೋಡಿನಿಂದ ತಂತ್ರಾಂಶ ಕಟ್ಟುವ ಹಂತಗಳನ್ನು ಬರೆದಿಟ್ಟ ಕಡತದೊಳಗೆ, ಕುಳಿತಿತ್ತು. ಆ ಹಂತಗಳನ್ನು ನಡೆಸುವ ಆಂಟ್ ಎಂಬ ಸಾಧನ ಬಳಸುವವರಿಗೆ ಗೊತ್ತಿರುವ ಬಿಲ್ಡ್ ಡಾಟ್ ಎಕ್ಸ್‌ಎಂಎಲ್. ಅದರ ನಡುವೆ ಒಂದು ಸ್ಕ್ರಿಪ್ಟ್ ಟಾಸ್ಕ್ (ಬೇರೆ ಭಾಷೆಯ ಕೋಡನ್ನು ಅಲ್ಲೇ ಬರೆದು ಓಡಿಸುವ ಸೌಲಭ್ಯ), ಅದರೊಳಗೆ ಸುಮಾರು ಇಪ್ಪತ್ತು ಸಾಲು ಜಾವಾಸ್ಕ್ರಿಪ್ಟ್. ಭಾಷಾ ಕಡತಗಳನ್ನು ಓದಿ, ಆವೃತ್ತಿಯ ಸಂಖ್ಯೆ ತುಂಬಿ, ಮತ್ತೆ ಬರೆದಿಡುವುದು ಅದರ ಕೆಲಸ. ಯಾವ ಎನ್‌ಕೋಡಿಂಗ್‌ನಲ್ಲಿ, ಅಂದರೆ ಬೈಟ್‌ಗಳನ್ನು ಅಕ್ಷರಗಳಿಗೆ ಹೊಂದಿಸುವ ಯಾವ ಪಟ್ಟಿಯಲ್ಲಿ, ಓದಬೇಕು ಎಂದು ಅದರಲ್ಲಿ ಎಲ್ಲೂ ಹೇಳಿರಲಿಲ್ಲ. ನಮ್ಮ ಲಿನಕ್ಸ್ ಯಂತ್ರಗಳು ತಾವಾಗಿಯೇ ಕನ್ನಡವೂ ಸೇರಿ ಎಲ್ಲ ಭಾಷೆಗಳಿಗೆ ಒಗ್ಗುವ ಯುಟಿಎಫ್-8 ಎಂದುಕೊಂಡವು. ಬಿಲ್ಡ್ ಸರ್ವರ್‌ನಲ್ಲಿದ್ದದ್ದು ವಿಂಡೋಸ್ ಮತ್ತು ಜಾವಾ 8. ಅದು ಪಶ್ಚಿಮ ಯುರೋಪಿನ ಭಾಷೆಗಳಿಗೆಂದು ಮಾಡಿದ ವಿಂಡೋಸ್-1252 ಎಂದುಕೊಂಡಿತು.

ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ಕನ್ನಡಕ್ಕೆ ಆಗುವ ಪೆಟ್ಟು ವಿಚಿತ್ರವಾದದ್ದು. ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಚಿಹ್ನೆಗೂ ಮೂರು ಬೈಟ್. 1252ರ ಪಟ್ಟಿಯಲ್ಲಿ ಐದು ಬೈಟ್‌ಗಳಿಗೆ ಅಕ್ಷರವೇ ಇಲ್ಲ. ಉಕಾರದ ಕೊಂಬಿನ ಕೊನೆಯ ಬೈಟ್ ಆ ಐದರಲ್ಲಿ ಒಂದು, ವ್ಯಂಜನದ ಸ್ವರ ಕಳೆಯುವ ಗುರುತಾದ ಹಲಂತದ್ದು ಇನ್ನೊಂದು. ಮಿಕ್ಕ ಮೂರು ಏ, ಐ, ಝಗಳ ಪಾಲಿಗೆ ಬರುತ್ತವೆ. ತಪ್ಪು ಪಟ್ಟಿಯಲ್ಲಿ ಓದಿ ಅದೇ ತಪ್ಪು ಪಟ್ಟಿಯಲ್ಲಿ ಬರೆದರೆ ಉಳಿದ ಅಕ್ಷರಗಳೆಲ್ಲ ಪಾರಾಗುತ್ತವೆ, ಈ ಐದು ಸಾಯುತ್ತವೆ. ಒತ್ತಕ್ಷರಗಳೆಲ್ಲ ಹಲಂತವನ್ನೇ ನಂಬಿರುವುದರಿಂದ ಅವೂ ಒಡೆಯುತ್ತವೆ. ಕನ್ನಡವೆಲ್ಲ ಕಲಸಿಹೋಗಿದ್ದರೆ ಮೊದಲ ಪರೀಕ್ಷೆಯಲ್ಲೇ ಸಿಕ್ಕಿಬೀಳುತ್ತಿತ್ತು. ಅರ್ಧ ಸರಿಯಿದ್ದದ್ದೇ ನಮ್ಮನ್ನು ಮೋಸಗೊಳಿಸಿತು.

ಆ ಇಪ್ಪತ್ತು ಸಾಲು ಬರೆದವರನ್ನು ನಾನು ದೂರುವುದಿಲ್ಲ. ಆಂಟ್‌ನಲ್ಲಿ ಒಮ್ಮೆ ಮೌಲ್ಯ ಪಡೆದ ಪ್ರಾಪರ್ಟಿಯನ್ನು (ಮೌಲ್ಯ ಹಿಡಿದಿಡುವ ಹೆಸರನ್ನು) ಮತ್ತೆ ಬದಲಿಸುವಂತಿಲ್ಲ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್ ಕೂಡ ಇಲ್ಲ. ಗಡುವು ಹತ್ತಿರ ಬಂದಾಗ ಸ್ಕ್ರಿಪ್ಟ್ ಟಾಸ್ಕ್ ಕೈ ಬೀಸಿ ಕರೆಯುತ್ತದೆ. ನಾನೂ ಅಂಥವು ಬರೆದಿದ್ದೇನೆ. ನನ್ನ ತಕರಾರು ಅವು ವಾಸಿಸುವ ಜಾಗದ ಬಗ್ಗೆ. ಬೇರೆ ಕೋಡಿನ ಒಂದೊಂದು ಸಾಲಿಗೂ ರಿವ್ಯೂ ಇರುತ್ತದೆ, ಪರೀಕ್ಷೆ ಇರುತ್ತದೆ. ಬಿಲ್ಡ್ ಕಡತ ಬಂದಾಗ ಮಾತ್ರ ಕಣ್ಣು ಜಾರುತ್ತದೆ, ‘ಅದು ಬರೀ ಸಂರಚನೆ’ ಎನ್ನುತ್ತೇವೆ. ಎಡಿಟರ್‌ಗೂ ಅದು ಎಕ್ಸ್‌ಎಂಎಲ್ ಒಳಗಿನ ಸತ್ತ ಪಠ್ಯ. ತಪ್ಪಿದ್ದರೂ ಕೆಂಪು ಗೆರೆ ಎಳೆಯುವುದಿಲ್ಲ. ಇನ್ನೊಂದು ತೊಂದರೆಯೂ ಇದೆ: ಜಾವಾ 8ರ ಜೊತೆ ಬಂದ ನ್ಯಾಸ್‌ಹಾರ್ನ್ ಎಂಬ ಜಾವಾಸ್ಕ್ರಿಪ್ಟ್ ಎಂಜಿನ್ನನ್ನು 2020ರ ಜಾವಾ 15 ಕಿತ್ತುಹಾಕಿತು. ಇಂಥ ಸ್ಕ್ರಿಪ್ಟ್‌ಗಳನ್ನು ನಂಬಿದ್ದ ಬಿಲ್ಡ್‌ಗಳು ಎಂಜಿನ್ ಸಿಗದೆ ನಿಂತುಬಿಟ್ಟವು.

ಕಣ್ಣು ಜಾರುವ ಈ ಜಾಗ ಕಳ್ಳರಿಗೂ ಗೊತ್ತು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಜಗತ್ತಿಗೆ ತಿಳಿಸಿದ ಎಕ್ಸ್‌ಝಡ್ ಹಿಂಬಾಗಿಲನ್ನು, ಅಂದರೆ ಕಡತ ಕುಗ್ಗಿಸುವ ಆ ತಂತ್ರಾಂಶದಲ್ಲಿ ಗುಟ್ಟಾಗಿ ಇಟ್ಟಿದ್ದ ಒಳದಾರಿಯನ್ನು, ನೆನಪಿಸಿಕೊಳ್ಳಿ. ದೂರದ ಯಂತ್ರದೊಳಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆ ಎಂದು ಅವರು ಬೆನ್ನು ಹತ್ತಿದರು. 5.6.0 ಮತ್ತು 5.6.1 ಆವೃತ್ತಿಗಳ ಬಿಡುಗಡೆಯ ಕಟ್ಟಿನಲ್ಲಿ ಬಿಲ್ಡ್‌ಗೆ ಸೇರಿದ ಒಂದು ಎಂ4 ಕಡತದೊಳಗೆ ಕೆಲವೇ ಸಾಲುಗಳು ಹೆಚ್ಚಿದ್ದವು. ಎಲ್ಲರ ಕಣ್ಣಿಗೆ ಬೀಳುವ ಮೂಲ ಕೋಡಿನ ಗಿಟ್ ಭಂಡಾರದಲ್ಲಿ ಆ ಸಾಲುಗಳು ಇರಲೇ ಇಲ್ಲ. ಅವು ಮಾಡಿದ್ದೇನು ಗೊತ್ತೇ? ಕೆಟ್ಟಿದೆ ಎಂದು ಹೆಸರಿಟ್ಟ ಪರೀಕ್ಷಾ ಕಡತವೊಂದನ್ನು ತೆಗೆದುಕೊಂಡು, ಟ್ಯಾಬ್ ಇದ್ದಲ್ಲಿ ಖಾಲಿ ಜಾಗ, ಖಾಲಿ ಜಾಗ ಇದ್ದಲ್ಲಿ ಟ್ಯಾಬ್, ಅಡ್ಡಗೆರೆಗೂ ಅಡಿಗೆರೆಗೂ ಅದಲು ಬದಲು. ಅಷ್ಟೇ. ಕೆಟ್ಟ ಕಡತ ಸರಿಯಾಯಿತು, ಅದರೊಳಗಿಂದ ಆದೇಶಗಳ ಪಟ್ಟಿಯಾದ ಶೆಲ್ ಸ್ಕ್ರಿಪ್ಟ್ ಹೊರಬಂತು, ಮುಂದಿನ ಹಂತದಲ್ಲಿ ಪಠ್ಯ ತಿದ್ದುವ ಸೆಡ್ ಎಂಬ ಆದೇಶ ಬಳಸಿ ಮೇಕ್‌ಫೈಲ್ ಎಂಬ ಬಿಲ್ಡ್ ಕಡತವನ್ನೇ ತಿದ್ದಲಾಯಿತು. ಬಿಲ್ಡ್ ಕಡತದಲ್ಲಿ ಅಕ್ಷರ ಅದಲು ಬದಲು ಮಾಡುವ ಟಿಆರ್, ಸೆಡ್ ಕಂಡರೆ ಯಾರೂ ಹುಬ್ಬೇರಿಸುವುದಿಲ್ಲ, ದಿನವೂ ಕಾಣುವಂಥವು. ಅದನ್ನು ಓದುತ್ತಿದ್ದಾಗ ನನ್ನ ಕೈ ತಣ್ಣಗಾಗಿತ್ತು.

‘ಒಂದು ಪದ ಬದಲಿಸಲು ಇಷ್ಟೆಲ್ಲ ಏಕೆ’ ಎಂದು ಕೇಳುವವರಿದ್ದಾರೆ. ಒಂದೇ ಪದವಾದರೆ ಆಂಟ್‌ನದೇ ರಿಪ್ಲೇಸ್ ಟಾಸ್ಕ್ ಸಾಕು. ಎನ್‌ಕೋಡಿಂಗ್ ಯುಟಿಎಫ್-8 ಎಂದು ಅಲ್ಲೇ ಬರೆಯಿರಿ, ಮರೆಯಬೇಡಿ. ಷರತ್ತು ಬಂತು, ಲೂಪ್ ಬಂತು, ಎರಡನೆಯ ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಬಂತು ಎಂದರೆ ಅದನ್ನು ಬಿಲ್ಡ್ ಕಡತದಿಂದ ಹೊರಗೆ ತನ್ನಿ. ಅದಕ್ಕೊಂದು ಹೆಸರು ಕೊಡಿ, ಸ್ವಂತ ಕಡತ ಕೊಡಿ, ಬಿಲ್ಡ್ ಅದನ್ನು ಕರೆಯಲಿ. ಆಗ ಅದನ್ನು ಒಂಟಿಯಾಗಿ ಓಡಿಸಿ ನೋಡಬಹುದು, ರಿವ್ಯೂ ಮಾಡುವವರ ಕಣ್ಣಿಗೂ ಅದು ಬೀಳುತ್ತದೆ.

ನಾವು ಹಾಗೆಯೇ ಮಾಡಿದೆವು. ಇಪ್ಪತ್ತು ಸಾಲನ್ನು ಪೈಥಾನ್‌ನಲ್ಲಿ ಬರೆದು ಪ್ರತ್ಯೇಕವಾಗಿಟ್ಟೆವು, ಪಕ್ಕದಲ್ಲಿ ಐದೇ ಪದಗಳ ಒಂದು ಪರೀಕ್ಷಾ ಕಡತ: ಮುಂದೆ, ರದ್ದು, ಏಲಕ್ಕಿ, ಐದು, ಝರಿ. ಅಂದಿನಿಂದ ಬಿಲ್ಡ್ ಸರ್ವರ್ ಪ್ರತಿ ಸಲವೂ ಬೇರೆ ಕೆಲಸಕ್ಕೆ ಕೈ ಹಾಕುವ ಮೊದಲು ಈ ಐದನ್ನು ಓದಿ, ಮತ್ತೆ ಬರೆದು, ಬೈಟ್‌ಗೆ ಬೈಟ್ ಹೋಲಿಸಿ ನೋಡುತ್ತಿತ್ತು.