"ಕೊರಿಯರ್‌ನೋರ್ನ ಕೇಳಿ" ಅಂದ್ರೆ ಹೆಂಗೆ ಸ್ವಾಮಿ?

ನಮಸ್ಕಾರ ಎಲ್ರಿಗೂ. "ನಾವು ಡಿಸ್ಪ್ಯಾಚ್ ಮಾಡಿದೀವಿ ಸರ್, ಇನ್ನು ಕೊರಿಯರ್‌ನೋರ್ನ ಕೇಳಿ." ಈ ಡೈಲಾಗ್ ಕೇಳ್ದೇ ಇರೋರು ಯಾರಿದೀರಾ? ಇನ್‌ಸ್ಟಾದಲ್ಲಿ ಸೀರೆ ಮಾರೋರಿಂದ ಹಿಡಿದು ದೊಡ್ಡ ಆ್ಯಪ್‌ಗಳ ಸೆಲ್ಲರ್‌ಗಳ ತನಕ ಎಲ್ರದ್ದೂ ಇದೇ ರಾಗ. ಅಲ್ಲಾ ಗುರೂ, ಆ ಕೊರಿಯರ್ ಗೊತ್ತು ಮಾಡಿದ್ದು ಯಾರು, ಬುಕಿಂಗ್ ಯಾರ ಹೆಸರಲ್ಲಿದೆ? ನಾವು ಫೋನ್ ಮಾಡಿದ್ರೆ ಅವ್ರು "ಕಳ್ಸಿದೋರ ಕಡೆಯಿಂದ ಕಂಪ್ಲೇಂಟ್ ಹಾಕ್ಸಿ" ಅಂತಾರೆ, ಇವ್ರು ಅವ್ರನ್ನೇ ಕೇಳಿ ಅಂತಾರೆ, ದುಡ್ಡು ಕೊಟ್ಟೋನು ಇಬ್ರ ಮಧ್ಯೆ ಓಡಾಡ್ತಾ ಇರ್ಬೇಕು.

ನನ್ನ ಪ್ರಕಾರ ಕೊರಿಯರ್ ಆರಿಸಿದ್ದು ಯಾರೋ ತಲೆನೋವೂ ಅವ್ರದ್ದೇ. ನಾನೇ ಗಾಡಿ ಕಳಿಸಿ ಮಾಲು ತರಿಸ್ಕೊಂಡ್ರೆ ದಾರೀಲಿ ಒಡೆದಿದ್ದಕ್ಕೆ ನಾನು ಬಾಯ್ಮುಚ್ಕೊಂಡಿರ್ತೀನಿ.

ಕೆಲವ್ರು 1930ರ ಸರಕು ಮಾರಾಟ ಕಾಯ್ದೆ ತೋರಿಸ್ತಾರೆ, ಸಾಗಿಸೋರ ಕೈಗೆ ಕೊಟ್ರೆ ಮೇಲ್ನೋಟಕ್ಕೆ ಗಿರಾಕಿಗೆ ಕೊಟ್ಟಂಗೇ ಅಂತ 39ನೇ ಸೆಕ್ಷನ್‌ನಲ್ಲಿದೆ. ಇದೆ, ಸುಳ್ಳಲ್ಲ. ಆದ್ರೆ ಅದರ ಕೆಳಗಿಂದೂ ಓದ್ಬೇಕಲ್ವಾ, ವಸ್ತು ಎಂಥದ್ದು ಅಂತ ನೋಡಿ ಅದಕ್ಕೆ ತಕ್ಕಂಗೆ ಸಾಗಣೆ ಗೊತ್ತು ಮಾಡೋದು ಮಾರೋನ ಜವಾಬ್ದಾರಿ, ಅದು ಮಾಡ್ದೆ ದಾರೀಲಿ ಹಾಳಾದ್ರೆ "ನನಗೆ ತಲುಪೇ ಇಲ್ಲ" ಅನ್ನೋ ಹಕ್ಕು ತಗೊಂಡೋನಿಗಿದೆ. ಗಾಜಿನ ಬಾಟ್ಲಿಗೆ ಅಪ್ಪೆಮಿಡಿ ತುಂಬಿ, ಮೇಲೊಂದು ಸುತ್ತು ನ್ಯೂಸ್‌ಪೇಪರ್ ಸುತ್ತಿ, ಫ್ರಜೈಲ್ ಅಂತ ಸ್ಟಿಕ್ಕರ್ ಅಂಟಿಸಿ ಕಳ್ಸಿರ್ತಾರೆ, ಮನೆಗೆ ಬರೋ ಹೊತ್ತಿಗೆ ಡಬ್ಬದ ತಳ ರಸ ಕುಡಿದು ಮೆತ್ತಗಾಗಿ, ಮಿಡಿ ಜೊತೆ ಗಾಜಿನ ಚೂರು. ಇದಕ್ಕೂ ಕೊರಿಯರ್‌ನೋನೇ ಹೊಣೆನಾ?

ಇನ್ನು 2020ರ ಇ-ಕಾಮರ್ಸ್ ರೂಲ್ಸ್‌ನಲ್ಲಿ ನೇರವಾಗೇ ಇದೆ, ಆ್ಯಪ್‌ನಲ್ಲಿ ಮಾರೋ ಸೆಲ್ಲರ್ ಕೊಟ್ಟ ಮಾಲು ಕೆಟ್ಟಿದ್ರೆ, ಹೇಳಿದ್ದೊಂದು ಕೊಟ್ಟಿದ್ದೊಂದು ಆದ್ರೆ, ಹೇಳಿದ ಟೈಮ್‌ಗೆ ಬರ್ದಿದ್ರೆ ವಾಪಸ್ ತಗೊಳಲ್ಲ, ರೀಫಂಡ್ ಕೊಡಲ್ಲ ಅನ್ನಂಗಿಲ್ಲ. ಲೇಟ್ ಆಗಿದ್ದು ಪ್ರವಾಹದಂಥ ಕೈಮೀರಿದ ಕಾರಣಕ್ಕಾದ್ರೆ ಮಾತು ಬೇರೆ. ಅನ್‌ಬಾಕ್ಸಿಂಗ್ ವಿಡಿಯೋ ಕಡ್ಡಾಯ ಅಂತ ಆ ರೂಲ್ಸ್‌ನಲ್ಲಿ ಎಲ್ಲೂ ಇಲ್ಲ. ಮಾಡಿಟ್ಕೊಳಿ, ಒಳ್ಳೇದೇ, ಆದ್ರೆ ನಮ್ಮನ್ನ ವಿಡಿಯೋ ಕೇಳೋರು ಪ್ಯಾಕಿಂಗ್ ವಿಡಿಯೋ ಯಾಕೆ ಕಳ್ಸಲ್ಲ?

ಈಗ ನಮ್ಮೋರಿಗೂ ಸ್ವಲ್ಪ. ಕ್ಯಾಶ್ ಆನ್ ಡೆಲಿವರಿ ಹಾಕಿ, ಹುಡುಗ ಗೇಟ್ ಹತ್ರ ನಿಂತು ಫೋನ್ ಮಾಡಿದ್ರೆ ಎತ್ತಲ್ಲ, ಎತ್ತಿದ್ರೂ "ಬೇಡ, ವಾಪಸ್ ಕಳ್ಸಿ". ಹೋಗೋ ಚಾರ್ಜು ಬರೋ ಚಾರ್ಜು ಎರಡೂ ಬೀಳೋದು ಸಾಮಾನ್ಯವಾಗಿ ಸೆಲ್ಲರ್ ತಲೆಗೇ, ಮನೇಲಿ ಕೂತು ಕುಚ್ಚು ಕಟ್ಟಿ ಮಾರೋ ಹೆಂಗಸರಿಗೆ ಎರಡು ಸೀರೆ ಹಿಂಗೆ ವಾಪಸ್ ಬಂದ್ರೆ ಲಾಭ ಅಲ್ಲಿಗೇ ಕರಗ್ತು. ಅಡ್ರೆಸ್ಸಂತೂ ಕೇಳ್ಬೇಡಿ, "ಗಣಪತಿ ದೇವಸ್ಥಾನದ ಹತ್ರ" ಅಂತ ಬರೀತಾರೆ, ಯಾವ ಬಡಾವಣೇಲಿ ಗಣಪತಿ ದೇವಸ್ಥಾನ ಇಲ್ಲ ಹೇಳಿ? ಮೊದ್ಲೇ ದುಡ್ಡು ಕಟ್ಟಿರೋ ಆರ್ಡರ್ ಇಂಥ ಅಡ್ರೆಸ್ಸಿಂದ ವಾಪಸ್ ಹೋದ್ರೆ ಶಿಪ್ಪಿಂಗ್ ಚಾರ್ಜ್ ಕಟ್ ಮಾಡ್ಕೊಂಡು ರೀಫಂಡ್ ಕೊಟ್ರೆ ನಾನಂತೂ ಸೆಲ್ಲರ್ ಪರ.

ಪಾರ್ಸಲ್ ಕೈಗೆ ಬರೋ ಮುಂಚೆ ಒಟಿಪಿ ಹೇಳ್ಬೇಡಿ. ಬರ್ದೇನೇ ಡೆಲಿವರ್ಡ್ ಅಂತ ತೋರಿಸಿದ್ರೆ ಸ್ಕ್ರೀನ್‌ಶಾಟ್ ತೆಗ್ದು ಅವತ್ತೇ ಸೆಲ್ಲರ್‌ಗೆ ಮೆಸೇಜ್ ಹಾಕಿ, ಆ್ಯಪ್‌ನ ಗ್ರೀವೆನ್ಸ್ ಆಫೀಸರ್‌ಗೂ (ದೂರು ನೋಡ್ಕೊಳೋ ಅಧಿಕಾರಿ) ಬರೀರಿ, ಅವ್ರು 48 ಗಂಟೆ ಒಳಗೆ ದೂರು ಬಂದಿದೆ ಅಂತ ತಿಳಿಸ್ಬೇಕು, ಒಂದು ತಿಂಗಳೊಳಗೆ ಬಗೆಹರಿಸ್ಬೇಕು. ಬಗ್ಗಲಿಲ್ವಾ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಹಚ್ಚಿ.